ಅಮ್ಮನ ಡಬ್ಬಿಯ ಕೋಸಂಬರಿ ಸ್ಯಾಂಡ್‌ವಿಚ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬ್ರೆಡ್ ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಅರಸೀಕೆರೆಯ ನಮ್ಮ ಬೀದಿಯಲ್ಲಿ ಅಪ್ಪ ಸಂಜೆ ಬ್ರೆಡ್ ಪ್ಯಾಕೆಟ್ ಹಿಡಿದು ಬಂದರೆ, ಜಗಲಿ ಮೇಲೆ ಕೂತವರು "ಯಾಕೆ, ಯಾರಿಗೆ ಹುಷಾರಿಲ್ಲ?" ಅಂತ ಕೇಳೋರು. ಬಿಸಿ ಹಾಲಿಗೆ ಸಕ್ಕರೆ ಹಾಕಿ, ಬ್ರೆಡ್ ಮುರಿದು ಹಾಕಿ ಅಮ್ಮ ಚಮಚದಲ್ಲಿ ತಿನ್ನಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡೋಕೆ ಹೋಗುವಾಗಲೂ ಅಷ್ಟೇ. ಒಂದು ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು. ಖಾಲಿ ಕೈಯಲ್ಲಿ ಹೋಗಬಾರದು ಅಂತ.

ಹಾಗಾಗಿ ಜ್ವರ ಬಂದರೆ ನನಗೆ ಒಳಗೊಳಗೇ ಖುಷಿ. ಅಮ್ಮನಿಗೆ ಬ್ರೆಡ್ ಅಂದರೆ ಕಾಯಿಲೆ. ನನಗೆ ಬ್ರೆಡ್ ಅಂದರೆ ಶಾಲೆಗೆ ರಜ. ಈ ವ್ಯತ್ಯಾಸ ಇಷ್ಟು ವರ್ಷ ಆದಮೇಲೆ ಅಮೃತಹಳ್ಳಿಯ ನಮ್ಮ ಎರಡು ರೂಮಿನ ಫ್ಲ್ಯಾಟಿನಲ್ಲಿ ಜಗಳಕ್ಕೆ ಕಾರಣ ಆಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?

ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗೋದು ಮಾನ್ಯತಾ ಟೆಕ್ ಪಾರ್ಕಿಗೆ. ಮ್ಯಾಪಿನಲ್ಲಿ ನೋಡಿದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಹೆಬ್ಬಾಳದ ಟ್ರಾಫಿಕ್ ಗೊತ್ತಿದ್ದವರು ಹತ್ತಿರ ಅನ್ನೋ ಮಾತನ್ನು ಬಳಸೋಲ್ಲ. ಬೆಳಗ್ಗೆ ಎಂಟೂಕಾಲಿಗೆ ಮನೆ ಬಿಡಬೇಕು. ಮದುವೆಯಾದ ಹೊಸದರಲ್ಲಿ ಚಪಾತಿ ಪಲ್ಯ ಅಂತ ಉಮೇದಿನಿಂದ ಶುರು ಮಾಡಿದ್ದು ಮೂರೇ ತಿಂಗಳಿಗೆ ಸ್ಯಾಂಡ್‌ವಿಚ್‌ಗೆ ಬಂದು ನಿಂತಿತ್ತು. ಸೌತೆಕಾಯಿ, ಟೊಮ್ಯಾಟೊ, ಬೆಣ್ಣೆ, ಮೇಲೆ ಒಂದಿಷ್ಟು ಮೆಣಸಿನ ಪುಡಿ. ಐದು ನಿಮಿಷದ ಕೆಲಸ. ರುಚಿಯ ಬಗ್ಗೆ ಕೇಳಬೇಡಿ, ಹೊಟ್ಟೆ ತುಂಬುತ್ತಿತ್ತು.

ಎರಡು ವರ್ಷದ ಹಿಂದೆ ಅಪ್ಪ ಹೋದರು. ಹಾಸನದ ಆಸ್ಪತ್ರೆಯೊಂದರಲ್ಲಿ 19 ದಿನ ಇದ್ದರು. ಆ 19 ದಿನವೂ ಅಮ್ಮ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ. ನೋಡಲು ಬಂದವರೆಲ್ಲ ತಂದದ್ದು ಬ್ರೆಡ್ಡೇ. ಕಿಟಕಿ ಕಟ್ಟೆ ಮೇಲೆ ಪ್ಯಾಕೆಟ್‌ಗಳ ಸಾಲು. ಅಪ್ಪ ತಿನ್ನುತ್ತಿದ್ದುದು ತುದಿಯ ತುಂಡು ಮಾತ್ರ, ಕಾಫಿಗೆ ಅದ್ದಿ. ಮಿಕ್ಕಿದ್ದನ್ನು ಅಮ್ಮ ಹಗಲೂ ರಾತ್ರಿ ತಿಂದಳು, ಕ್ಯಾಂಟೀನಿಗೆ ಹೋದರೆ ಆ ಹೊತ್ತಿಗೇ ಡಾಕ್ಟರು ಬಂದುಬಿಟ್ಟರೆ ಅನ್ನೋ ಭಯಕ್ಕೆ.

ವರ್ಷದ ಕಾರ್ಯ ಮುಗಿದ ಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ಬಂದ ಮೊದಲನೇ ವಾರವೇ ನನ್ನ ಡಬ್ಬಿ ನೋಡಿ ಮುಖ ಆ ಕಡೆ ತಿರುಗಿಸಿದಳು. "ದಿನಾ ಇದನ್ನ ತಿಂತೀಯಾ? ಕಾಯಿಲೆಯವರಿಗೆ ಕೊಡೋದು ಕಣೆ ಇದು." ನಾನು ನಕ್ಕು ಸುಮ್ಮನಾದೆ. ಅವಳಿಗೆ ಆ ವಾಸನೆಯೇ ಆಗುತ್ತಿಲ್ಲ ಅನ್ನೋದು ನನಗೆ ಹೊಳೆಯಲಿಲ್ಲ.

ಅಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಮಾತ್ರೆ. ನಾವು ಹೊರಡುವಾಗ ಅವಳಿಗೂ ತಿಂಡಿ ಆಗಿರುತ್ತಿತ್ತು. ಮಧ್ಯಾಹ್ನಕ್ಕೆ ಅಂತ ಅನ್ನ, ಸಾರು ಮಾಡಿ ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತಿದ್ದೆ. ಸಂಜೆ ಬಂದು "ಊಟ ಮಾಡಿದ್ಯಾ?" ಅಂದರೆ "ಹ್ಞೂಂ, ಆಯ್ತು" ಅನ್ನೋಳು. ಪಾತ್ರೆ ತೆಗೆದು ನೋಡುವ ಬುದ್ಧಿ ನನಗೆ ಬರಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು.

ಕಳೆದ ವರ್ಷ ಆಗಸ್ಟಿನ ಒಂದು ಮಂಗಳವಾರ. ನಾನು ಒಂದು ಉದ್ದದ ಕಾಲ್‌ನಲ್ಲಿದ್ದೆ, ಫೋನ್ ಸೈಲೆಂಟ್. ಹೊರಗೆ ಬಂದು ನೋಡಿದರೆ ಮೂರು ಮಿಸ್ಡ್ ಕಾಲ್, ಎಲ್ಲ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನದು. ಮೂರು ಗಂಟೆಗೆ ಅವರು ಬಂದಾಗ ಅಮ್ಮ ಬಾಗಿಲು ತೆಗೆಯೋಕೆ ಬಹಳ ಹೊತ್ತು ಮಾಡಿದಳಂತೆ. ತೆಗೆದವಳು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳಂತೆ. ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ, ಮಾತು ತೊದಲು. ಆ ಅಕ್ಕನ ತಾಯಿಗೂ ಸಕ್ಕರೆ ಕಾಯಿಲೆ ಇದೆ, ಪುಣ್ಯಕ್ಕೆ ಅವರಿಗೆ ಗೊತ್ತಿತ್ತು. ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದರು. ಆಮೇಲೆ ಪಕ್ಕದ ಫ್ಲ್ಯಾಟಿನವರನ್ನು ಕೂಗಿ, ನಮ್ಮ ಮೆಷಿನ್‌ನಲ್ಲಿ ಬೆರಳು ಚುಚ್ಚಿ ನೋಡಿದರೆ 58. ಅದು ಸಕ್ಕರೆ ಕುಡಿಸಿದ ಮೇಲಿನ ಲೆಕ್ಕ. ಅದಕ್ಕೆ ಮುಂಚೆ ಎಷ್ಟಿತ್ತೋ.

ಇದನ್ನು ಓದುತ್ತಿರುವ ನಿಮ್ಮಲ್ಲೂ ಅನೇಕರು ಅಪ್ಪ ಅಮ್ಮನನ್ನು ಮನೆಯಲ್ಲಿ ಬಿಟ್ಟು ಆಫೀಸಿಗೆ ಬಂದಿರುತ್ತೀರಿ. ಅದಕ್ಕೇ ಡಾಕ್ಟರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ದೇಹದಲ್ಲಿ ಇನ್ಸುಲಿನ್ ಹೆಚ್ಚು ಬಿಡುಗಡೆಯಾಗುವಂತೆ ಮಾಡುತ್ತವೆ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಅವು ನೋಡೋಲ್ಲ, ತಮ್ಮ ಕೆಲಸ ಮಾಡುತ್ತವೆ. ಊಟ ತಪ್ಪಿದರೆ ಸಕ್ಕರೆ ಕುಸಿಯುತ್ತೆ. 70ಕ್ಕಿಂತ ಕೆಳಗೆ ಬಂದರೆ ಎಚ್ಚರ ಬೇಕು. ಪ್ರಜ್ಞೆ ಇದ್ದು, ನುಂಗೋಕೆ ಆಗುವ ಹಾಗಿದ್ದರೆ ಸುಮಾರು 15 ಗ್ರಾಂ ಸಕ್ಕರೆ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸರಿಯಾದ ಮೇಲೆ ಏನಾದರೂ ಗಟ್ಟಿ ಆಹಾರ ತಿನ್ನಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಅಮ್ಮನ ಮಾತ್ರೆಯ ಪ್ರಮಾಣವನ್ನೂ ಡಾಕ್ಟರು ಇಳಿಸಿದರು. ಆದರೆ "ಮಾತ್ರೆ ನಾನು ನೋಡ್ಕೋತೀನಿ, ಮಧ್ಯಾಹ್ನದ ಊಟ ನೀವು ನೋಡ್ಕೊಳ್ಳಿ" ಅಂದರು.

ಆ ದಿನ ಸಂಜೆ ಫ್ರಿಜ್ ತೆಗೆದೆ. ಅನ್ನ, ಸಾರು ಇಟ್ಟ ಹಾಗೇ ಇತ್ತು. ಸೋಮವಾರದ್ದೂ ಹಾಗೇ ಇತ್ತು.

ನನಗೆ ಭಯ ಆಗಿತ್ತು, ಅದು ಬಾಯಿಂದ ಸಿಟ್ಟಾಗಿ ಬಂತು. "ಬಿಸಿ ಮಾಡ್ಕೊಂಡು ತಿನ್ನೋಕೇನು ಕಷ್ಟ? ಎರಡು ನಿಮಿಷ ಮೈಕ್ರೋವೇವ್‌ನಲ್ಲಿ ಇಟ್ರೆ ಆಯ್ತು" ಅಂತ ಕೂಗಾಡಿದೆ. ಅಮ್ಮ ಸೆರಗಿನ ಅಂಚು ಸುತ್ತುತ್ತಾ ಹೇಳಿದಳು, "ಒಬ್ಬಳಿಗೆ ಏನು ಬಿಸಿ ಮಾಡ್ಕೊಳ್ಳೋದು ಅಂತ ಸುಮ್ನಾದೆ." ಸ್ವಲ್ಪ ಹೊತ್ತು ಬಿಟ್ಟು, "ಊರಲ್ಲಿದ್ರೆ ಪಕ್ಕದ ಮನೆಯವ್ರು ಬೇಲಿ ಹತ್ರ ನಿಂತು ಏನ್ ಸಾರು ಇವತ್ತು ಅಂತ ಕೇಳೋರು. ಇಲ್ಲಿ ಯಾರು ಕೇಳ್ತಾರೆ? ನನ್ನ ಊರಿಗೆ ಕಳಿಸಿಬಿಡು" ಅಂದಳು.

ರಾತ್ರಿ ನಿದ್ದೆ ಬರಲಿಲ್ಲ. ಯೋಚನೆ ಮಾಡಿದರೆ ಅವಳ ಮಾತಿನಲ್ಲಿ ಹುರುಳಿತ್ತು. ನಮ್ಮ ಊಟವೇ ಹಾಗೆ, ಅದು ಒಬ್ಬರಿಗೆ ಅಂತ ಹುಟ್ಟಿದ್ದಲ್ಲ. ಒಂದೇ ಒಂದು ಮುದ್ದೆ ತೊಳಸಿ ನೋಡಿ. ಎಸರು ಜಾಸ್ತಿ ಆದರೆ ಅಂಬಲಿ, ಹಿಟ್ಟು ಜಾಸ್ತಿ ಆದರೆ ಗಂಟು. ಕೋಲು ಆಡಿಸೋಕೂ ಪಾತ್ರೆಯಲ್ಲಿ ಒಂದಿಷ್ಟು ಹಿಟ್ಟು ಇರಬೇಕು. ಸಾರಿಗೆ ಒಂದು ಹಿಡಿ ಬೇಳೆ ಬೇಯಿಸಿದರೂ ಮೂರು ಜನಕ್ಕೆ ಆಗುತ್ತೆ. ಆರು ಜನರ ಮನೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಟ್ಟೆ ಹಾಕಿಕೊಂಡವಳಿಗೆ, ತನಗೊಬ್ಬಳಿಗೇ ತಟ್ಟೆ ಹಾಕಿಕೊಳ್ಳೋದು ಅಭ್ಯಾಸವೇ ಇಲ್ಲ.

ಸ್ಯಾಂಡ್‌ವಿಚ್ ಹುಟ್ಟಿದ್ದು ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನಲ್ಲಿ ಸ್ಯಾಂಡ್‌ವಿಚ್ ಅನ್ನೋ ಊರಿನ ಹೆಸರಿನ ನಾಲ್ಕನೇ ಅರ್ಲ್, ಜಾನ್ ಮಾಂಟೆಗು, ಇಸ್ಪೀಟಿನ ಮೇಜು ಬಿಟ್ಟು ಏಳಲಾರದೆ ಎರಡು ಬ್ರೆಡ್ ತುಂಡಿನ ಮಧ್ಯೆ ಮಾಂಸ ಇಡಿಸಿಕೊಂಡು ತಿಂದ ಅನ್ನೋ ಕಥೆ ನೀವೂ ಕೇಳಿರುತ್ತೀರಿ. ಅವನ ಜೀವನಚರಿತ್ರೆ ಬರೆದವರು, ಇಸ್ಪೀಟಿಗಿಂತ ಕಚೇರಿಯ ಮೇಜೇ ಇರಬೇಕು ಅಂತಾರೆ. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಆ ಪದವನ್ನು ಬರೆದದ್ದು 1762ರಲ್ಲಿ. ಏನೇ ಇರಲಿ, ಒಬ್ಬನೇ ಕೂತು, ಒಂದು ಕೈಯಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕೈಯಲ್ಲಿ ತಿನ್ನೋ ಊಟ ಅದು. ನಾವು ಲ್ಯಾಪ್‌ಟಾಪ್ ಮುಂದೆ ಮಾಡುತ್ತಿರುವುದೂ ಅದನ್ನೇ ಅಲ್ವಾ?

ಅಮ್ಮನಿಗೂ ಸ್ಯಾಂಡ್‌ವಿಚ್ ಮಾಡಿಟ್ಟು ಹೋದರೆ? ಬಿಸಿ ಮಾಡಬೇಕಿಲ್ಲ, ತಟ್ಟೆ ಕೂಡ ಬೇಕಿಲ್ಲ. ಬುಧವಾರ ಬೆಳಗ್ಗೆ ಮಾಡಿಟ್ಟೆ. ಸಂಜೆ ಬಂದಾಗ ಅದು ಕೆಲಸದ ಅಕ್ಕನ ಮಗನ ಹೊಟ್ಟೆ ಸೇರಿತ್ತು. ಅಮ್ಮ ಮಧ್ಯಾಹ್ನ ಅವಲಕ್ಕಿ ನೆನೆಸಿ ತಿಂದಿದ್ದಳು. "ಮಾತ್ರೆಗೆ ಮೋಸ ಮಾಡಿಲ್ಲ" ಅಂತ ಸಮಜಾಯಿಷಿ ಬೇರೆ. ಆಮೇಲೆ ಮೆಲ್ಲಗೆ ಹೇಳಿದಳು, "ಆ ಬ್ರೆಡ್ಡಿನ ವಾಸನೆ ಬಂದ್ರೆ ನನಗೆ ಆ ವಾರ್ಡೇ ಕಣ್ಮುಂದೆ ಬರುತ್ತೆ ಕಣೆ."

ಆಗ ಅರ್ಥ ಆಯ್ತು ನನಗೆ. ಆ ವಾರ ಬ್ರೆಡ್ ಮಾತು ಎತ್ತಲಿಲ್ಲ.

ಶನಿವಾರ ಸಂಜೆ ಇಬ್ಬರೂ ಅಮೃತಹಳ್ಳಿ ಕೆರೆ ಕಡೆ ಹೋಗಿ ವಾಪಸ್ ಬರುತ್ತಿದ್ದೆವು. ಮೇಲೆ ಜಕ್ಕೂರಿನ ಪುಟ್ಟ ವಿಮಾನ ಗುಂಯ್ ಅಂತ ಸುತ್ತುತ್ತಿತ್ತು. ಅಮ್ಮನಿಗೆ ಅದನ್ನು ನಿಂತು ನೋಡೋದು ಇಷ್ಟ. ದಾರಿಯಲ್ಲಿ ನಮ್ಮ ಮಾಮೂಲಿ ಬೇಕರಿ. ಅಯ್ಯಂಗಾರ್ ಅಂತ ಬೋರ್ಡ್ ಇರುವ, ಬೆಂಗಳೂರಿನ ಪ್ರತಿ ಏರಿಯಾದಲ್ಲೂ ಇರೋ ಥರದ್ದು. ನಾನು ಒಂದು ಖಾರ ಟೋಸ್ಟ್ ಹೇಳಿದೆ. ಕೌಂಟರಿನ ಹುಡುಗನ ಮಾತು ಕೇಳಿ ಅಮ್ಮ ಕಿವಿ ನಿಮಿರಿಸಿದಳು.

"ಯಾವೂರಪ್ಪ ನಿಂದು?"

"ಚನ್ನರಾಯಪಟ್ಟಣದ ಹತ್ರ ಅಮ್ಮ."

ಮುಗೀತು. ಮಳೆ, ತೆಂಗಿನಕಾಯಿ ರೇಟು, ಯಾರ ಪೈಕಿ, ಎಲ್ಲ ಶುರು. ಬೆಂಗಳೂರಿಗೆ ಬಂದ ಮೇಲೆ ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನಾನೂ ಒಂದು ವಿಷಯ ಸೇರಿಸಿದೆ. ಈ ಅಯ್ಯಂಗಾರ್ ಬೇಕರಿಗಳ ಬೇರು ಇರೋದೇ ನಮ್ಮ ಹಾಸನ ಜಿಲ್ಲೆಯಲ್ಲಿ. ಅಲ್ಲಿಂದ ಬಂದ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ತಮ್ಮನ ಜೊತೆ ಶುರು ಮಾಡಿದ ಬಿ.ಬಿ. ಬೇಕರಿಯೇ ಮೊದಲನೆಯದು ಅಂತಾರೆ. ಮೊದಲು ಸಿಹಿತಿಂಡಿ ಅಂಗಡಿ ಇತ್ತು, ಅಲ್ಲಿಗೆ ಬರುತ್ತಿದ್ದ ಇಂಗ್ಲಿಷಿನವನೊಬ್ಬ ಬ್ರೆಡ್ ಮಾಡೋದು ಕಲಿಸಿದ ಅನ್ನೋ ಕಥೆಯೂ ಇದೆ. ಮೊಟ್ಟೆ ಮುಟ್ಟದವರು ಮೊಟ್ಟೆ ಇಲ್ಲದ ಬೇಕರಿ ಮಾಡಿದರು, ಊರೆಲ್ಲ ನಂಬಿ ತಿಂದಿತು. ಈಗ ಆ ಬೋರ್ಡ್ ಹಾಕಿಕೊಂಡವರೆಲ್ಲ ಅಯ್ಯಂಗಾರರೇ ಅಲ್ಲ. ಆದರೆ ಹಾಸನ ಕಡೆಯ ಹುಡುಗರು ಮಾತ್ರ ಈಗಲೂ ಬರುತ್ತಿದ್ದಾರೆ. "ಹಂಗಾದ್ರೆ ನಮ್ಮೋರದೇ ಅನ್ನು" ಅಂದಳು ಅಮ್ಮ.

ಅಷ್ಟರಲ್ಲಿ ಹುಡುಗ ಕಾವಲಿಗೆ ಬೆಣ್ಣೆ ಸವರಿ ಬ್ರೆಡ್ ಇಟ್ಟಿದ್ದ. ಪಕ್ಕದಲ್ಲೇ ಈರುಳ್ಳಿ, ತುರಿದ ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬಾಡಿಸಿ, ಕೆಂಪಗೆ ಗರಿಯಾದ ಸ್ಲೈಸಿನ ಮೇಲೆ ಹರಡಿ, ಕತ್ತರಿಸಿ ಪೇಪರ್ ಪ್ಲೇಟಿಗೆ ಹಾಕಿ ಕೊಟ್ಟ. ಖಾರ ಟೋಸ್ಟ್ ಮುಚ್ಚಳ ಇಲ್ಲದ ಸ್ಯಾಂಡ್‌ವಿಚ್ ಅನ್ನೋದು ನನ್ನ ವಾದ. ನನ್ನ ಗಂಡ ಒಪ್ಪೋಲ್ಲ.

ಅಮ್ಮ ಮೊದಲು ಚಮಚದಲ್ಲಿ ಮೇಲಿನ ಮಸಾಲೆ ಮಾತ್ರ ತಿಂದಳು. ನಾನು ರಸ್ತೆ ನೋಡುತ್ತಾ ನಿಂತೆ. ಆಮೇಲೆ ಅಂಚು ಮುರಿದಳು. ಒಂದು ತುಂಡು ಮುಗಿಯಿತು. "ಇದರಲ್ಲಿ ಆ ವಾಸನೆ ಇಲ್ಲ" ಅಂದಳು. ಕಾವಲಿಯ ಮೇಲೆ ಬೆಣ್ಣೆಯಲ್ಲಿ ಕೆಂಪಗಾದ ಬ್ರೆಡ್ಡಿಗೂ, ಪ್ಲಾಸ್ಟಿಕ್ ಬಿಚ್ಚಿ ತೆಗೆದ ಹಸಿ ಬ್ರೆಡ್ಡಿಗೂ ಸಂಬಂಧವೇ ಇಲ್ಲ, ನಿಜ.

ಅಲ್ಲಿಂದ ನಮ್ಮ ಮನೆಯಲ್ಲಿ ಪ್ರಯೋಗ ಶುರುವಾಯಿತು. ಬ್ರೆಡ್ ಯಾವುದು ಅನ್ನೋದೇ ಮೊದಲ ಪ್ರಶ್ನೆ. ಎರಡು ಸ್ಲೈಸ್‌ನಲ್ಲಿ ಸುಮಾರು 25ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ, ಮೈದಾದ್ದಾದರೆ ಬೇಗ ರಕ್ತಕ್ಕೆ ಇಳಿಯುತ್ತೆ. ಬ್ರೌನ್ ಬ್ರೆಡ್ ಅಂತ ಕಣ್ಣು ಮುಚ್ಚಿ ತರಬೇಡಿ. ಕೆಲವದರಲ್ಲಿ ಕಂದು ಬಣ್ಣ ಬರೋದು ಗೋಧಿಯಿಂದಲ್ಲ, ಕ್ಯಾರಮೆಲ್‌ನಿಂದ. ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತೆ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಮೊದಲ ಹೆಸರು ಮೈದಾ ಅಂತಿದ್ದರೆ ಬಣ್ಣ ನೋಡಿ ಮೋಸ ಹೋಗಬೇಡಿ. ಇಡೀ ಗೋಧಿ ಹಿಟ್ಟು ಅಂತಿದ್ದರೆ ಚೀಲಕ್ಕೆ ಹಾಕಿ.

ಒಳಗೆ ಏನು ಹಾಕೋದು ಅನ್ನೋ ವಿಷಯಕ್ಕೆ ಎಲ್ಲರಿಗೂ ಬಾಯಿ ಬಂತು. ನನ್ನ ಗಂಡ ಧಾರವಾಡದವರು. ಅವರ ಸ್ಯಾಂಡ್‌ವಿಚ್ ಅಂದರೆ ಗಟ್ಟಿ ಮೊಸರಿಗೆ ಶೇಂಗಾ ಹಿಂಡಿ ಕಲಸಿ ದಪ್ಪಗೆ ಸವರಿ, ಮೇಲೆ ಹಸಿ ಈರುಳ್ಳಿ. ಟೋಸ್ಟ್ ಗೀಸ್ಟ್ ಏನಿಲ್ಲ. "ಅತ್ತಿ, ಒಂದ್ ಸಲ ತಿಂದ್ ನೋಡ್ರಿ, ಆಮ್ಯಾಲೆ ಹೇಳ್ರಿ" ಅಂತ ಅಮ್ಮನ ಹಿಂದೆ ಬಿದ್ದರು. ರೊಟ್ಟಿ ಸಿಗದವರು ಮಾಡಿಕೊಂಡ ಸಮಾಧಾನ ಅದು ಅಂತ ನನ್ನ ಅಭಿಪ್ರಾಯ, ಆದರೆ ರುಚಿ ಇದೆ. ಅಮ್ಮ ಅಳಿಯಂದಿರ ಎದುರು "ಚೆನ್ನಾಗಿದೆ" ಅಂದು, ಅಡುಗೆಮನೆಯಲ್ಲಿ ನನಗೆ "ಬರೀ ಬೆಳ್ಳುಳ್ಳಿ" ಅಂದಳು.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವಳು ಮುಂಬೈಯಲ್ಲಿ ಬೆಳೆದ ಕನ್ನಡದವಳು. ಅವಳ ಪ್ರಕಾರ ಬೇಯಿಸಿದ ಬೀಟ್‌ರೂಟ್, ಬೇಯಿಸಿದ ಆಲೂಗೆಡ್ಡೆ, ಹಸಿರು ಚಟ್ನಿ ಇಲ್ಲದ್ದು ಸ್ಯಾಂಡ್‌ವಿಚ್ಚೇ ಅಲ್ಲ. ಚಟ್ನಿಯನ್ನು ಎರಡೂ ಸ್ಲೈಸಿಗೆ ಅಂಚಿನವರೆಗೂ ಸವರಬೇಕು, ಮಧ್ಯದಲ್ಲಿ ಮಾತ್ರ ಸವರುವವರು ಜಿಪುಣರು ಅಂತಾಳೆ. ಕುಂದಾಪುರದ ಹುಡುಗನೊಬ್ಬ ಬಾಳೆಹಣ್ಣು, ತುಪ್ಪ, ಸಕ್ಕರೆ ಇಟ್ಟು ಕಾವಲಿಯಲ್ಲಿ ಒತ್ತುತ್ತಾನೆ. ಪಕ್ಕದ ಫ್ಲ್ಯಾಟಿನ ಮಗಳು ಜಯನಗರದ ಹರಿ ಸೂಪರ್ ಸ್ಯಾಂಡ್‌ವಿಚ್‌ನಲ್ಲಿ ಚಾಕೊಲೇಟಿನ ಸ್ಯಾಂಡ್‌ವಿಚ್ ತಿಂದು ಬಂದಾಗಿನಿಂದ ಬೇರೆ ಯಾವುದನ್ನೂ ಒಪ್ಪೋಲ್ಲ. ನಾನು ಕಾಲೇಜಿನಲ್ಲಿದ್ದಾಗ ವಿ.ವಿ. ಪುರದ ಕಡೆ ಹೋದರೆ ಬನ್ನಿನ ಮಧ್ಯೆ ಬೆಣ್ಣೆ, ಕಾಂಗ್ರೆಸ್ ಕಡಲೆಕಾಯಿ ಹಾಕಿಸಿಕೊಂಡು ತಿನ್ನದೆ ಬರುತ್ತಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಎರಡು ಹೋಳಾದಾಗ, ಹೋಳಾದ ಕಡಲೆಕಾಯಿಗೆ ಆ ಹೆಸರು ಬಂತು ಅಂತ ಹೇಳ್ತಾರೆ. ಕಡಲೆಕಾಯಿಯ ಖಾರ, ಮೆತ್ತನೆ ಬನ್ನು, ತಣ್ಣನೆ ಬೆಣ್ಣೆ. ಬರೆಯುವಾಗಲೇ ಬಾಯಲ್ಲಿ ನೀರು.

ಅಮ್ಮ ಇದೆಲ್ಲ ಕೇಳಿಸಿಕೊಂಡು, ಒಂದು ಬೆಳಗ್ಗೆ ತಾನೇ ಹೆಸರುಬೇಳೆ ನೆನೆಹಾಕಿದಳು.

ಕೋಸಂಬರಿ ಸ್ಯಾಂಡ್‌ವಿಚ್. ರಾಮನವಮಿ ಪಾನಕದ ಜೊತೆ ಕೊಡೋ ಅದೇ ಕೋಸಂಬರಿ. ಎರಡು ಗಂಟೆ ನೆನೆದ ಹೆಸರುಬೇಳೆಯ ನೀರು ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ನಿಂಬೆರಸ, ಸಾಸಿವೆ ಇಂಗಿನ ಒಗ್ಗರಣೆ. 100 ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತೆ ಅಂತ ಡಯಟಿಷಿಯನ್ ಹೇಳಿದಾಗ, ನಾವು ಚೀಸ್ ಹುಡುಕುತ್ತಾ ಕೂತಿದ್ದೆವಲ್ಲ ಅನ್ನಿಸಿತು.

ಮೊದಲ ದಿನದ್ದು ಕೆಟ್ಟಿತು. ಬೆಳಗ್ಗೆಯೇ ಉಪ್ಪು ಹಾಕಿ ಬ್ರೆಡ್ಡಿನೊಳಗೆ ಇಟ್ಟಿದ್ದೆವು. ಸೌತೆಕಾಯಿ ನೀರು ಬಿಟ್ಟು, ಮಧ್ಯಾಹ್ನ ಡಬ್ಬಿ ತೆಗೆದರೆ ಬ್ರೆಡ್ಡು ಮುದ್ದೆ. ನನ್ನ ಟೀಮಿನವರೆಲ್ಲ ನಕ್ಕರು. ಉಪ್ಪು ತರಕಾರಿಯ ನೀರನ್ನು ಎಳೆಯುತ್ತೆ, ನಲವತ್ತು ವರ್ಷ ಕೋಸಂಬರಿ ಮಾಡಿದ ಅಮ್ಮನಿಗೆ ಅದು ಗೊತ್ತಿತ್ತು. ಬ್ರೆಡ್ಡಿನ ಲೆಕ್ಕ ಗೊತ್ತಿರಲಿಲ್ಲ ಅಷ್ಟೇ.

ಈಗಿನ ಪದ್ಧತಿ ಹೀಗಿದೆ. ಬ್ರೆಡ್ಡನ್ನು ಕಬ್ಬಿಣದ ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಗರಿ ಮಾಡಬೇಕು. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಬಾರದು, ಹಬೆಗೆ ಮೆತ್ತಗಾಗುತ್ತೆ. ಪೂರ್ತಿ ಆರಬೇಕು. ಆರಿದ ಮೇಲೆ ಒಳಬದಿಗೆ ತೆಳ್ಳಗೆ ಬೆಣ್ಣೆ. ಬೆಣ್ಣೆ ರುಚಿಗೆ ಮಾತ್ರ ಅಲ್ಲ, ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುತ್ತೆ. ಬೆಣ್ಣೆಯ ಮೇಲೆ ಹುರಿಗಡಲೆ ಹಾಕಿ ರುಬ್ಬಿದ ಗಟ್ಟಿ ಚಟ್ನಿ ಒಂದು ಚಮಚ. ಕೋಸಂಬರಿಯನ್ನು ಉಪ್ಪಿಲ್ಲದೆ ಬೇರೆ ಪುಟ್ಟ ಡಬ್ಬಿಗೆ ಹಾಕಿ, ಒಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಮಡಿಸಿ ಇಡುತ್ತಾಳೆ. ರಾಮನವಮಿಗೆ ಇರೋ ತೆಂಗಿನತುರಿ ಇದಕ್ಕಿಲ್ಲ, ಬೇಸಿಗೆಯಲ್ಲಿ ಹಳಸುತ್ತೆ. ಅದೇ ಕಾರಣಕ್ಕೆ ಆಫೀಸಿನಲ್ಲಿ ನಾನು ಡಬ್ಬಿಗಳನ್ನು ಫ್ರಿಜ್ಜಿನಲ್ಲಿಡುತ್ತೇನೆ, ಮನೆಯಲ್ಲಿ ಅವಳೂ ಹಾಗೇ. ಉಪ್ಪು ಬೆರೆಸಿ ಜೋಡಿಸೋದು ತಿನ್ನುವ ಹೊತ್ತಿಗೆ.

ಹ್ಞಾಂ, ಮುಖ್ಯ ವಿಷಯ ಬಿಟ್ಟೆ. ಅವಳೂ ಹಾಗೇ ಅಂದೆನಲ್ಲ, ಈಗ ನಮ್ಮ ಮನೆಯಲ್ಲಿ ಬೆಳಗ್ಗೆ ಕಟ್ಟೋದು ಮೂರು ಡಬ್ಬಿ. ಒಂದು ನನಗೆ, ಒಂದು ನನ್ನ ಗಂಡನಿಗೆ, ಒಂದು ಅಮ್ಮನಿಗೆ. ಇದು ಉಪಾಯ ಮಾಡಿ ಮಾಡಿದ್ದಲ್ಲ. ಒಂದು ದಿನ ನನ್ನ ಗಂಡ ವರ್ಕ್ ಫ್ರಮ್ ಹೋಮ್ ಅಂತ ಕೊನೇ ಗಳಿಗೆಯಲ್ಲಿ ಹೇಳಿ, ಮಧ್ಯಾಹ್ನ ಡಬ್ಬಿ ಮರೆತು ಹೊರಗೆ ಊಟಕ್ಕೆ ಹೋದರು. ಒಂದೂವರೆಗೆ ಅಮ್ಮ ನನಗೆ ಫೋನ್ ಮಾಡಿದಳು. "ಕಟ್ಟಿದ ಬುತ್ತಿ ಹಂಗೇ ಬಿಟ್ಟು ಹೋಗಿದ್ದಾರೆ, ವೇಸ್ಟ್ ಆಗುತ್ತೆ ಅಂತ ನಾನೇ ತಿಂದೆ." ಶೇಂಗಾ ಹಿಂಡಿ ಸ್ಯಾಂಡ್‌ವಿಚ್. ಬೆಳ್ಳುಳ್ಳಿ ಸಮೇತ. ಹಸಿ ಬ್ರೆಡ್ಡು.

ಅವತ್ತು ನನಗೆ ಹೊಳೆಯಿತು. ತನಗೊಬ್ಬಳಿಗೆ ಅಂತ ಅಮ್ಮ ಏನೂ ಮಾಡಿಕೊಳ್ಳೋಲ್ಲ. ಆದರೆ ಕಟ್ಟಿದ ಬುತ್ತಿಯನ್ನು ಹಾಳು ಮಾಡೋಕೆ ಅವಳ ಕೈಲಿ ಆಗೋಲ್ಲ. ನಾನು ಇಷ್ಟು ದಿನ ಬ್ರೆಡ್ಡಿನ ಮೇಲೆ ತಲೆ ಕೆಡಿಸಿಕೊಂಡಿದ್ದೆ. ಫ್ರಿಜ್ಜಿನಲ್ಲಿ ಪಾತ್ರೆಯಲ್ಲಿ ಇಟ್ಟ ಅನ್ನ ಮನೆಯವರೆಲ್ಲರದ್ದು, ಆಮೇಲೆ ಯಾರಾದರೂ ತಿಂತಾರೆ. ಡಬ್ಬಿಯಲ್ಲಿ ಕಟ್ಟಿದ್ದು ಒಬ್ಬರ ಹೆಸರಿನದು. ಮಾರನೇ ದಿನವೇ ಹೋಗಿ ನನ್ನಂಥದ್ದೇ ಒಂದು ಸ್ಟೀಲ್ ಡಬ್ಬಿ ತಂದೆ. ಅಂಗಡಿಯವರು ಹೆಸರು ಕೊರೆದು ಕೊಡುತ್ತಾರಲ್ಲ, ಕೊರೆಸಿದೆ. "ಈ ವಯಸ್ಸಲ್ಲಿ ನನಗೆ ಸ್ಕೂಲ್ ಡಬ್ಬಿ" ಅಂತ ಬೈದಳು. ಪಕ್ಕದ ಮನೆಯವರಿಗೆ ತೋರಿಸಿಕೊಂಡೂ ಬಂದಳು.

ದಿನಾ ಸ್ಯಾಂಡ್‌ವಿಚ್ಚೇ ಅಲ್ಲ, ಹಾಗಂದುಕೊಳ್ಳಬೇಡಿ. ವಾರಕ್ಕೆ ಎರಡು ದಿನ. ಉಳಿದ ದಿನ ಚಪಾತಿಯೋ, ಚಿತ್ರಾನ್ನವೋ, ರಾಗಿ ರೊಟ್ಟಿಯೋ. ಬೆಳಗ್ಗೆ ಐದೂವರೆಗೆ ಅವಳೇ ಎದ್ದು ಶುರು ಮಾಡುತ್ತಾಳೆ, ನಾನು ಬೇಡ ಅಂದರೂ ಕೇಳೋಲ್ಲ. ಮೂರು ಜನರ ಅಡುಗೆ ಅಂದಮೇಲೆ ಅದು ಅಡುಗೆ, ಅವಳ ಲೆಕ್ಕದಲ್ಲಿ.

ಮಧ್ಯಾಹ್ನ ಒಂದರಿಂದ ಒಂದೂವರೆ ನನ್ನ ಕ್ಯಾಲೆಂಡರಿನಲ್ಲಿ ಬ್ಲಾಕ್. ಮೀಟಿಂಗ್ ಹಾಕಲು ಬಂದವರಿಗೆ ಅಮ್ಮನ ಊಟ ಅಂತಲೇ ಹೇಳಿದ್ದೇನೆ. ಮೊದಮೊದಲು ಸಂಕೋಚ ಆಗುತ್ತಿತ್ತು. ಈಗ ನನ್ನ ಮ್ಯಾನೇಜರೇ ಅದೇ ಹೊತ್ತಿಗೆ ಅವರ ಅಪ್ಪನಿಗೆ ಫೋನ್ ಮಾಡುತ್ತಾರೆ. ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟು, ನಾನಿಲ್ಲಿ, ಅವಳಲ್ಲಿ. ಮಾತೇನೂ ಹೆಚ್ಚಿಲ್ಲ. "ಉಪ್ಪು ಸರಿಯಿದ್ಯಾ?" "ಇವತ್ತು ಸ್ವಲ್ಪ ಹುಳಿ ಮುಂದಾಯ್ತು." ಅಷ್ಟೇ. ಊರಿನಲ್ಲಿ ಬೇಲಿ ಹತ್ತಿರ ನಿಂತು ಕೇಳುತ್ತಿದ್ದವರಷ್ಟು ಸ್ವಾರಸ್ಯವಾಗಿ ಮಾತಾಡೋಕೆ ನನಗೆ ಬರೋಲ್ಲ, ಅವಳಿಗೂ ಅದು ಗೊತ್ತು. ಊರಿನ ಮಾತು ನಿಂತಿಲ್ಲ. ತೆಂಗಿನ ಕೊಯ್ಲಿಗೆ, ಅಪ್ಪನ ತಿಥಿಗೆ ಹೋಗಿ ಹದಿನೈದು ದಿನ ಇದ್ದು ಬರುತ್ತಾಳೆ. ಹೋಗುವಾಗ ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ.

ಬ್ರೆಡ್ ಪ್ಯಾಕೆಟ್ಟಿನ ತುದಿಯ ತುಂಡುಗಳನ್ನು ಮಾತ್ರ ಅಮ್ಮ ಈಗಲೂ ತಿನ್ನೋಲ್ಲ. ಬೇರೆ ತೆಗೆದಿಡುತ್ತಾಳೆ. ನಾನು ಒಂದೆರಡು ಸಲ ಅದನ್ನು ಕಾಫಿಗೆ ಅದ್ದಿ ತಿಂದೆ. ಅವಳು ನೋಡಿದಳು, ಏನೂ ಹೇಳಲಿಲ್ಲ.

ಪಕ್ಕದ ಫ್ಲ್ಯಾಟಿನವರು, ನನ್ನ ಟೀಮಿನ ನಾಲ್ಕು ಜನ, ಕೊನೆಗೆ ಬೇಕರಿಯ ಹುಡುಗ ಕೂಡ ಕೋಸಂಬರಿ ಸ್ಯಾಂಡ್‌ವಿಚ್‌ನ ಅಳತೆ ಕೇಳಿದ್ದಾರೆ. ನನಗೆ ತಿಳಿದಷ್ಟು ಮೇಲೆ ಬರೆದಿದ್ದೇನೆ. ನಿಂಬೆಹಣ್ಣು ಎಷ್ಟು, ಇಂಗು ಎಷ್ಟು ಅನ್ನೋದನ್ನು ಅಮ್ಮನನ್ನೇ ಕೇಳಬೇಕು. ಕೇಳುವವರು ದಯವಿಟ್ಟು ಒಂದೂವರೆ ಆದಮೇಲೆ ಬನ್ನಿ. ಅದಕ್ಕೆ ಮುಂಚೆ ಅವಳು ಊಟಕ್ಕೆ ಕೂತಿರುತ್ತಾಳೆ.